ನಮ್ಮ ಕೈಗೂ ಕರಣಿ ಕೊಡ್ತಾರಾ?

ಪುರಾತತ್ವ ಮ್ಯೂಸಿಯಂಗಳಲ್ಲಿ, ಉತ್ಖನನ ನಡೆಯುವ ಜಾಗಗಳಲ್ಲಿ ಈಗ ಜನರೇ ಕೈ ಹಾಕಿ ಮಾಡುವ ಕೆಲಸಗಳೂ ಇರುತ್ತವೆ. ಆ ಬಗ್ಗೆ ಬಂದ ಪ್ರಶ್ನೆಗಳಿಗೆ ಈ ಸಲದ ಅಂಕಣ. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇನೆ.

ಪ್ರಶ್ನೆ: ಮಗಳಿಗೆ ಒಂಬತ್ತು ವರ್ಷ. ಒಂದು ಮ್ಯೂಸಿಯಂನಲ್ಲಿ ‘ನೀವೂ ಅಗೆಯಿರಿ’ ಎಂದು ಮರಳಿನ ತೊಟ್ಟಿ ಇಟ್ಟಿದ್ದರು. ಐದೇ ನಿಮಿಷದಲ್ಲಿ ಎರಡು ಪ್ಲಾಸ್ಟಿಕ್ ನಾಣ್ಯ, ಒಂದು ಡೈನೊಸಾರ್ ಹಲ್ಲು ಸಿಕ್ಕಿ ಆಟ ಮುಗಿಯಿತು. ಅವಳಿಗೆ ಖುಷಿ. ಆದರೆ ಅವಳು ಕಲಿತದ್ದೇನು ಎಂದು ನನಗೆ ಗೊತ್ತಾಗಲಿಲ್ಲ.

ಉತ್ತರ: ಅವಳ ಖುಷಿ ಒಳ್ಳೆಯದೇ, ಅದನ್ನು ಹಾಳು ಮಾಡಬೇಡಿ. ಆದರೆ ನಿಮ್ಮ ಅನುಮಾನವೂ ಸರಿ. ಆ ತೊಟ್ಟಿ ಹೇಳಿಕೊಟ್ಟದ್ದು ಇಷ್ಟೇ: ಮಣ್ಣು ಬದಿಗೆ ತಳ್ಳುವ ಕಸ, ಒಳಗಿರುವ ವಸ್ತು ಬಹುಮಾನ. ನಿಜವಾದ ಅಗೆತದಲ್ಲಿ ಮಣ್ಣೇ ದೊಡ್ಡ ಪುರಾವೆ. ಒಂದು ನಾಣ್ಯ ಯಾವ ಪದರದಲ್ಲಿತ್ತು, ಪಕ್ಕದಲ್ಲಿ ಏನಿತ್ತು, ಮೇಲೆ ಮುಚ್ಚಿದ್ದು ಬೂದಿಯೋ ಬಿದ್ದ ಗೋಡೆಯ ಮಣ್ಣೋ ಗೊತ್ತಿಲ್ಲದಿದ್ದರೆ, ಆ ನಾಣ್ಯ ನಮಗೆ ಹೇಳುವುದು ತುಂಬಾ ಕಡಿಮೆ.

ಡೈನೊಸಾರ್ ಹಲ್ಲಂತೂ ಅಲ್ಲಿ ಇರಲೇಬಾರದಿತ್ತು. ಡೈನೊಸಾರ್‌ಗಳು ಅಳಿದು ಸುಮಾರು 6.6 ಕೋಟಿ ವರ್ಷವಾಗಿದೆ. ಈವರೆಗೆ ಸಿಕ್ಕಿರುವ ಅತಿ ಹಳೆಯ ಕಲ್ಲಿನ ಉಪಕರಣಗಳು ಕೆನ್ಯಾದ ಲೊಮೆಕ್ವಿಯವು, ಅವಕ್ಕೆ ಸುಮಾರು 33 ಲಕ್ಷ ವರ್ಷ. ಪುರಾತತ್ವ ಶುರುವಾಗುವುದು ಅಂಥ ಉಪಕರಣಗಳಿಂದ. ಎರಡನ್ನೂ ಒಂದೇ ತೊಟ್ಟಿಯಲ್ಲಿ ಹೂತರೆ ಮಕ್ಕಳ ತಲೆಯಲ್ಲಿ ಮನುಷ್ಯರೂ ಡೈನೊಸಾರ್‌ಗಳೂ ಒಟ್ಟಿಗೆ ಓಡಾಡುತ್ತವೆ. ಆಮೇಲೆ ಅದನ್ನು ಬಿಡಿಸುವುದು ಕಷ್ಟ.

ಹಾಗಂತ ಕೃತಕ ಗುಂಡಿಯೇ ಬೇಡ ಎನ್ನುವವನಲ್ಲ ನಾನು. ಚೆನ್ನಾಗಿ ಮಾಡಿದರೆ ಅದಕ್ಕಿಂತ ಒಳ್ಳೆಯ ಪಾಠವಿಲ್ಲ. ಇಂಗ್ಲೆಂಡಿನ ಯಾರ್ಕ್‌ನಲ್ಲಿ ಕಾಪರ್‌ಗೇಟ್ ಎಂಬ ಬೀದಿಯಲ್ಲಿ 1976ರಿಂದ 1981ರವರೆಗೆ ಅಗೆದಾಗ ವೈಕಿಂಗರ (ಸುಮಾರು ಸಾವಿರ ವರ್ಷ ಹಿಂದೆ ಸಮುದ್ರ ದಾಟಿ ಬಂದ ಉತ್ತರ ಯುರೋಪಿನವರು) ಕಾಲದ ಮನೆಗಳು ಸಿಕ್ಕಿದವು. 1984ರಲ್ಲಿ ಅದೇ ಜಾಗದಲ್ಲಿ ಯೋರ್ವಿಕ್ ವೈಕಿಂಗ್ ಸೆಂಟರ್ ತೆರೆಯಿತು. ಅದನ್ನು ನಡೆಸುವವರದೇ ಆದ ‘ಡಿಗ್’ ಎಂಬ ಇನ್ನೊಂದು ಕೇಂದ್ರ 2006ರಲ್ಲಿ ಒಂದು ಹಳೆಯ ಚರ್ಚಿನೊಳಗೆ ಶುರುವಾಯಿತು. ಅಲ್ಲಿ ಕೃತಕ ಮಣ್ಣು ತುಂಬಿದ ಗುಂಡಿಗಳಲ್ಲಿ ಮಕ್ಕಳು ಕರಣಿ ಹಿಡಿದು ಬೇರೆ ಬೇರೆ ಕಾಲದ ನೆಲವನ್ನು ಕೆರೆಯುತ್ತಾರೆ. ಆ ಗುಂಡಿಗಳ ಮಾದರಿ ಬಂದದ್ದು ಆ ಊರಿನಲ್ಲೇ ನಡೆದ ಅಗೆತಗಳಿಂದ. ಹಾಗಾಗಿ ಮಗುವಿಗೆ ಸಿಗುವುದು ಒಂದು ಬಿಡಿ ವಸ್ತುವಲ್ಲ, ಒಂದು ಜಾಗ.

ಒಳ್ಳೆಯ ಗುಂಡಿಯನ್ನು ಗುರುತಿಸುವುದು ಸುಲಭ. ಅದರಲ್ಲಿ ಕನಿಷ್ಠ ಎರಡು ಬಣ್ಣದ ಪದರ ಇರುತ್ತದೆ. ವಸ್ತುವಲ್ಲದ ಕುರುಹೂ ಇರುತ್ತದೆ. ಉದಾಹರಣೆಗೆ, ನೆಲದಲ್ಲಿ ನೆಟ್ಟ ಮರದ ಕಂಬ ಕೊಳೆತುಹೋದ ಮೇಲೆ ಆ ಕುಳಿಯಲ್ಲಿ ಕಪ್ಪು ಮಣ್ಣಿನ ದುಂಡನೆಯ ಗುರುತು ಉಳಿಯುತ್ತದೆ. ಅಂಥ ಏಳೆಂಟು ಗುರುತುಗಳನ್ನು ಒಂದು ಮಗು ಬೆರಳಲ್ಲಿ ತೋರಿಸುತ್ತಾ ಹೋಗಿ, ಇದು ಮನೆ, ಇಲ್ಲಿ ಬಾಗಿಲು ಎಂದು ತಾನೇ ಹೇಳಿಬಿಟ್ಟರೆ, ಅದು ಎಷ್ಟು ಪ್ಲಾಸ್ಟಿಕ್ ನಾಣ್ಯ ಸಿಕ್ಕರೂ ಬರದ ಸಂತೋಷ.

ಮುಂದಿನ ಸಲ ಮರಳಿನ ತೊಟ್ಟಿಯೇ ಸಿಕ್ಕರೂ ಪರವಾಗಿಲ್ಲ. ವಸ್ತು ಕಂಡ ತಕ್ಷಣ ಎತ್ತಲು ಬಿಡಬೇಡಿ. ‘ಇದರ ಸುತ್ತ ಏನಿದೆ? ಮೇಲೆ ಏನಿತ್ತು? ಇದು ಇಲ್ಲಿಗೆ ಹೇಗೆ ಬಂದಿರಬಹುದು, ಬಿದ್ದದ್ದಾ, ಎಸೆದದ್ದಾ, ಅಡಗಿಸಿಟ್ಟದ್ದಾ?’ ಎಂದು ಕೇಳಿ. ಉತ್ತರ ಸರಿಯಿರಬೇಕಿಲ್ಲ.

ಪ್ರಶ್ನೆ: ನಿಜವಾದ ಉತ್ಖನನಕ್ಕೆ ನನ್ನಂಥ ಏನೂ ಓದಿಲ್ಲದವರನ್ನು ಸೇರಿಸಿಕೊಳ್ತಾರಾ? ಸೇರಿಸಿಕೊಂಡರೆ ಏನು ಮಾಡಿಸ್ತಾರೆ?

ಉತ್ತರ: ಸೇರಿಸಿಕೊಳ್ಳುವ ಕಡೆಗಳಿವೆ. ಉತ್ತರ ಇಂಗ್ಲೆಂಡಿನಲ್ಲಿ ಹೇಡ್ರಿಯನ್ ಗೋಡೆಯ ಹತ್ತಿರ ವಿಂಡೊಲಾಂಡಾ ಎಂಬ ರೋಮನ್ ಕೋಟೆಯಿದೆ. ಅಲ್ಲಿ ಪ್ರತಿ ಹಂಗಾಮಿನಲ್ಲೂ ಸ್ವಯಂಸೇವಕರು ಪುರಾತತ್ವಜ್ಞರ ಪಕ್ಕದಲ್ಲೇ ಕುಳಿತು ಅಗೆಯುತ್ತಾರೆ. ಗಾಳಿಯಾಡದ ಒದ್ದೆ ಮಣ್ಣಿನಿಂದಾಗಿ ಅಲ್ಲಿ ಮರ, ಚರ್ಮ, ಬಟ್ಟೆ ಕೊಳೆಯದೆ ಉಳಿದಿವೆ. ಸಾವಿರಾರು ಚರ್ಮದ ಪಾದರಕ್ಷೆಗಳು ಸಿಕ್ಕಿವೆ. 1973ರಲ್ಲಿ ರಾಬಿನ್ ಬರ್ಲಿ ಅಲ್ಲಿ ಮರದ ತೆಳು ಹಲಗೆಗಳ ಮೇಲೆ ಶಾಯಿಯಲ್ಲಿ ಬರೆದ ಪತ್ರಗಳನ್ನು ಮೊದಲ ಬಾರಿಗೆ ಕಂಡರು. ಮುಂದೆ ಅಲ್ಲಿ ಸಿಕ್ಕ ಅಂಥ ಪತ್ರಗಳಲ್ಲಿ ಒಂದು, ಸುಮಾರು ಕ್ರಿ.ಶ. 100ರ ಹೊತ್ತಿಗೆ ಕ್ಲಾಡಿಯಾ ಸೆವೆರಾ ಎಂಬ ಹೆಣ್ಣುಮಗಳು ತನ್ನ ಗೆಳತಿಯನ್ನು ಹುಟ್ಟುಹಬ್ಬಕ್ಕೆ ಕರೆದ ಪತ್ರ. ಅಮೆರಿಕದ ಕೊಲೊರಾಡೊದಲ್ಲಿ 1983ರಲ್ಲಿ ಶುರುವಾದ ಕ್ರೋ ಕ್ಯಾನ್ಯನ್ ಪುರಾತತ್ವ ಕೇಂದ್ರ ನಡೆಯುವುದೇ ಹೀಗೆ. ಬಂದವರು ಅಗೆತದಲ್ಲೂ ಪ್ರಯೋಗಾಲಯದಲ್ಲೂ ಕೈಜೋಡಿಸುತ್ತಾರೆ.

ಮಾಡಿಸುವ ಕೆಲಸ ಏನೆಂದರೆ, ಮೊದಲು ಕೆರೆಯುವುದು. ಕರಣಿಯ ಮೊನೆಯಿಂದ ಚುಚ್ಚಬಾರದು, ಅಂಚಿನಿಂದ ನಿಮ್ಮ ಕಡೆಗೆ ಎಳೆದುಕೊಳ್ಳಬೇಕು. ಒಂದೊಂದು ಎಳೆತಕ್ಕೆ ತೆಳುವಾದ ಪದರ ಮಾತ್ರ ಬರಬೇಕು. ಕೆರೆದಿದ್ದನ್ನು ಬಕೆಟ್‌ಗೆ ತುಂಬಿ, ಜರಡಿ ಹಿಡಿದು, ರಾಶಿಗೆ ಸುರಿದು ಮತ್ತೆ ಬಂದು ಮಂಡಿಯೂರಬೇಕು. ಬೆನ್ನು, ಮಂಡಿ ಎರಡೂ ನೋಯುತ್ತವೆ. ಗಂಟೆಗಟ್ಟಲೆ ಏನೂ ಸಿಗದೆಯೂ ಇರಬಹುದು.

ಆದರೆ ಕೆಲವು ದಿನ ಹಾಗೆ ಕೆರೆದ ಮೇಲೆ ಒಂದು ಬದಲಾವಣೆ ಆಗುತ್ತದೆ. ಕಣ್ಣಿಗೆ ಕಾಣುವ ಮೊದಲೇ ಕೈಗೆ ತಿಳಿಯಲು ಶುರುವಾಗುತ್ತದೆ. ಮಣ್ಣು ಮೆತ್ತಗಾಯಿತು, ಕರಣಿಯ ಸದ್ದು ಬೇರೆಯಾಯಿತು, ಇಲ್ಲೇನೋ ಹಳೆಯ ಗುಂಡಿಯ ಅಂಚಿದೆ ಎಂದು. ಇದನ್ನು ಯಾವ ಪ್ರದರ್ಶನದ ಗಾಜಿನ ಪೆಟ್ಟಿಗೆಯೂ ಕಲಿಸಲಾರದು. ನಾನು ಎಲ್ಲರಿಗೂ ‘ಸಾಧ್ಯವಾದರೆ ಒಮ್ಮೆ ಹೋಗಿ’ ಎಂದು ಹೇಳುತ್ತಲೇ ಇರುವುದು ಇದಕ್ಕಾಗಿಯೇ.

ಹೆಸರು ಕೊಡುವ ಮೊದಲು ಕೆಲವು ವಿಷಯ ಕೇಳಿ ತಿಳಿದುಕೊಳ್ಳಿ. ಅಗೆತಕ್ಕೆ ಅಧಿಕೃತ ಅನುಮತಿ ಇದೆಯಾ, ನಿಮ್ಮ ಗುಂಡಿಯಲ್ಲಿ ಅನುಭವಸ್ಥರು ಪೂರ್ತಿ ಹೊತ್ತು ಇರ್ತಾರಾ, ಸಿಕ್ಕ ವಸ್ತುಗಳು ಕೊನೆಗೆ ಎಲ್ಲಿ ಸೇರುತ್ತವೆ, ವರದಿ ಪ್ರಕಟವಾಗುತ್ತದಾ, ದಾಖಲೆ ಬರೆಯುವುದನ್ನು ನಿಮಗೂ ಕಲಿಸ್ತಾರಾ. ಕೊನೆಯದು ನನಗೆ ತುಂಬಾ ಮುಖ್ಯ. ಅಗೆಯುವುದು ಅಂದರೆ ಆ ಜಾಗವನ್ನು ಅಷ್ಟರ ಮಟ್ಟಿಗೆ ಅಳಿಸಿಹಾಕಿದಂತೆ. ಒಮ್ಮೆ ತೆಗೆದ ಪದರವನ್ನು ಮತ್ತೆ ಇಡಲು ಆಗದು, ಉಳಿಯುವುದು ಬರೆದಿಟ್ಟದ್ದು ಮಾತ್ರ. ಬರಹ, ನಕ್ಷೆ, ಫೋಟೊ ಇಲ್ಲದೆ ಸುಮ್ನೆ ಅಗೆಸುವ ಕಡೆಗೆ ಹೋಗಲೇಬೇಡಿ, ಎಷ್ಟೇ ಚೆಂದದ ಜಾಗವಾಗಿರಲಿ. ಟೆಟನಸ್ ಚುಚ್ಚುಮದ್ದು, ಗಟ್ಟಿ ಬೂಟು, ಟೋಪಿ, ನೀರು ಇವನ್ನು ಬೇರೆ ಹೇಳಬೇಕಿಲ್ಲ ಅಲ್ವಾ?

ಪ್ರಶ್ನೆ: ಒಂದು ಮ್ಯೂಸಿಯಂನ ಸಾರ್ವಜನಿಕ ದಿನಕ್ಕೆ ಆಸೆಯಿಂದ ಹೋದರೆ, ಬಕೆಟ್ ನೀರು, ಹಲ್ಲುಜ್ಜುವ ಬ್ರಷ್ ಕೊಟ್ಟು ಮಡಕೆ ಚೂರು ತೊಳೆಯಲು ಕೂರಿಸಿದರು. ಇದು ಜನರಿಗೆ ಕೊಡುವ ಕೆಲಸವಾ?

ಉತ್ತರ: ನನ್ನ ಲೆಕ್ಕದಲ್ಲಿ ಜನರಿಗೆ ಕೊಡಬಹುದಾದ ಅತ್ಯುತ್ತಮ ಕೆಲಸ ಇದೇ. ನಿಮಗೆ ಬೇಸರವಾಗಿದ್ದರೆ ತಪ್ಪು ಬಹುಶಃ ಬ್ರಷ್‌ನದ್ದಲ್ಲ, ಪಕ್ಕದಲ್ಲಿ ಕುಳಿತು ಮಾತಾಡುವವರು ಇರಲಿಲ್ಲವೇನೋ.

ಯೋಚಿಸಿ ನೋಡಿ. ಆ ಚೂರನ್ನು ಅಗೆದವರು ಕೂಡ ಮಣ್ಣು ಮೆತ್ತಿಕೊಂಡ ಉಂಡೆಯನ್ನಷ್ಟೇ ಕಂಡಿರುತ್ತಾರೆ. ಅದರ ನಿಜವಾದ ಮೈಯನ್ನು ಮೊದಲು ನೋಡುವವರು ತೊಳೆಯುವವರು. ಉಗುರಿನಿಂದ ಒತ್ತಿ ಬಿಡಿಸಿದ ಚುಕ್ಕಿ ಸಾಲು, ಹಗ್ಗ ಒತ್ತಿದ ಗುರುತು, ತಳದಲ್ಲಿ ಅಂಟಿದ ಮಸಿ, ಒಳಮೈಯಲ್ಲಿ ತಿಗರಿ ತಿರುಗಿದ ಗೆರೆ, ಎಲ್ಲವೂ ಬ್ರಷ್‌ನ ಕೆಳಗೆ ಒಂದೊಂದಾಗಿ ಬರುತ್ತವೆ. ಕೆಲವೊಮ್ಮೆ ಮಾಡಿದವರ ಬೆರಳಚ್ಚೇ ಸಿಗುತ್ತದೆ. ಮಕ್ಕಳ ಬೆರಳಿನ ಗೆರೆಗಳು ದೊಡ್ಡವರದಕ್ಕಿಂತ ಸಣ್ಣ, ಒಂದಕ್ಕೊಂದು ಹತ್ತಿರ. ಆ ಅಂತರ ಅಳೆದು ಮಡಕೆ ಮಾಡಿದ ಕೈ ದೊಡ್ಡವರದೋ ಮಕ್ಕಳದೋ ಎಂದು ಅಂದಾಜು ಮಾಡುವ ಸಂಶೋಧಕರಿದ್ದಾರೆ.

ಇದರಲ್ಲಿ ಮಾಡಬಾರದ ಕೆಲಸಗಳೂ ಇವೆ. ಕಬ್ಬಿಣ, ತಾಮ್ರದಂಥ ಲೋಹವನ್ನು ನೀರಿಗೆ ಹಾಕುವಂತಿಲ್ಲ. ಸುಡದ ಹಸಿ ಮಣ್ಣಿನ ವಸ್ತು ನೀರಲ್ಲಿ ಕರಗಿಹೋಗುತ್ತದೆ. ಬಣ್ಣ ಬಳಿದ ಚೂರಿಗೆ ಬ್ರಷ್ ತಾಗಿಸುವ ಮೊದಲು ಮೇಲ್ವಿಚಾರಕರನ್ನು ಕೇಳಬೇಕು. ಒಳಗೆ ಜಿಡ್ಡೋ ಕರಿಯೋ ಅಂಟಿದ್ದರೆ ಅದನ್ನು ತೊಳೆಯದೆ ಹಾಗೆಯೇ ಬಿಡುತ್ತಾರೆ. ಆ ಮಡಕೆಯಲ್ಲಿ ಬೇಯಿಸಿದ್ದು ಏನೆಂದು ಅದರಿಂದ ಪರೀಕ್ಷಿಸಬಹುದು. ಮುರಿದ ಅಂಚನ್ನೂ ಮರೆಯದೆ ಉಜ್ಜಬೇಕು, ಆದರೆ ಮೆಲ್ಲಗೆ. ಮಣ್ಣಿನ ಜೊತೆ ಏನೇನು ಬೆರೆಸಿದ್ದರು, ಮರಳೋ ಹೊಟ್ಟೋ ಹಳೆಯ ಮಡಕೆಯ ಪುಡಿಯೋ, ಅದು ತಿಳಿಯುವುದು ಮುರಿದ ಅಂಚಿನಲ್ಲೇ. ಹಾಗೆ ಬೆರೆಸುತ್ತಿದ್ದದ್ದು ಸುಡುವಾಗ ಮಡಕೆ ಬಿರಿಯದಿರಲಿ ಎಂದು.

ಎಲ್ಲಕ್ಕಿಂತ ಮುಖ್ಯ, ಚೀಟಿ. ಪ್ರತಿ ತಟ್ಟೆಯ ಚೂರುಗಳ ಜೊತೆಗೂ ಅವು ಬಂದ ಪದರದ ಸಂಖ್ಯೆ ಬರೆದ ಚೀಟಿ ಇರುತ್ತದೆ. ಎರಡು ತಟ್ಟೆಯ ಚೂರು ಬೆರೆತರೆ, ಚೀಟಿ ಗಾಳಿಗೆ ಹಾರಿದರೆ, ಆ ಚೂರುಗಳನ್ನು ಮಣ್ಣಲ್ಲೇ ಬಿಟ್ಟಿದ್ದರೆ ಚೆನ್ನಾಗಿತ್ತು ಎನ್ನುವ ಸ್ಥಿತಿ ಬರುತ್ತದೆ. ಇನ್ನೊಮ್ಮೆ ಹೋದಾಗ ಅಂಚಿನ ಚೂರುಗಳನ್ನು ಬೇರೆ ಮಾಡಿ, ‘ಈ ಮಡಕೆಯ ಬಾಯಿ ಎಷ್ಟು ಅಗಲ ಇತ್ತು ಅಂತ ಅಳೆಯುವುದನ್ನು ತೋರಿಸ್ತೀರಾ?’ ಎಂದು ಕೇಳಿ. ಒಂದರೊಳಗೊಂದು ವೃತ್ತ ಬರೆದ ಹಾಳೆ ಇರುತ್ತದೆ. ಚೂರಿನ ಬಾಗು ಯಾವ ವೃತ್ತಕ್ಕೆ ಹೊಂದುತ್ತದೋ ಅದೇ ಮಡಕೆಯ ಬಾಯಿಯ ಅಳತೆ. ಬೆರಳುದ್ದದ ಚೂರಿನಿಂದ ಪೂರ್ತಿ ಮಡಕೆಯ ಗಾತ್ರ ಕಣ್ಣೆದುರು ಬರುತ್ತದೆ.

ಪ್ರಶ್ನೆ: ಮ್ಯೂಸಿಯಂನಲ್ಲಿ ‘ಮುಟ್ಟಿ ನೋಡಿ’ ಎಂದು ಕೊಡುವ ವಸ್ತುಗಳು ಅಸಲಿಯೋ ನಕಲಿಯೋ? ಒಂದು ಕಡೆ ಗ್ಲೌಸ್ ಕೊಟ್ಟರು, ಇನ್ನೊಂದು ಕಡೆ ಕೊಡಲಿಲ್ಲ.

ಉತ್ತರ: ಎರಡೂ ಇರುತ್ತವೆ. ಎಲ್ಲಿ, ಯಾವ ಪದರದಲ್ಲಿ ಸಿಕ್ಕಿತು ಎಂಬ ದಾಖಲೆಯೇ ಇಲ್ಲದ ಅಸಲಿ ವಸ್ತುಗಳು ಮ್ಯೂಸಿಯಂಗಳಲ್ಲಿ ಬೇಕಾದಷ್ಟಿವೆ. ಸಂಶೋಧನೆಗೆ ಅವುಗಳ ಬೆಲೆ ಕಡಿಮೆ. ಅಂಥವನ್ನು ಜನರ ಕೈಗೆ ಕೊಡಲು ಬೇರೆ ತೆಗೆದಿಡುತ್ತಾರೆ. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ಇದಕ್ಕೆಂದೇ ಮೇಜುಗಳಿವೆ, ಸ್ವಯಂಸೇವಕರು ಕುಳಿತು ಒಂದೊಂದೇ ವಸ್ತು ಕೈಗಿಡುತ್ತಾರೆ.

ಲೋಹಕ್ಕೆ ಗ್ಲೌಸ್ ಬೇಕು, ಬೆವರಿನ ಉಪ್ಪಿಗೆ ಲೋಹ ಹಾಳಾಗುತ್ತದೆ. ಗಟ್ಟಿ ಮಡಕೆ, ಕಲ್ಲಿಗೆ ತೊಳೆದು ಒರೆಸಿದ ಬರಿಗೈ ಸಾಕು. ಗ್ಲೌಸ್ ಹಾಕಿದರೆ ಹಿಡಿತ ಜಾರುವುದೂ ಉಂಟು. ಉಂಗುರ, ಬಳೆ ತೆಗೆದಿಡಿ. ವಸ್ತುವನ್ನು ಮೆತ್ತನೆಯ ಹಾಸಿನ ಮೇಲೆ, ಮೇಜಿಗೆ ಹತ್ತಿರದಲ್ಲೇ, ಎರಡೂ ಕೈಯಲ್ಲಿ ಹಿಡಿಯಿರಿ. ಹಿಡಿಕೆ ಇದ್ದರೂ ಹಿಡಿಕೆ ಹಿಡಿದು ಎತ್ತಬೇಡಿ.

ನಕಲಿಯನ್ನು ಕೀಳಾಗಿ ನೋಡಬೇಡಿ. ಫ್ರಾನ್ಸಿನ ಲಾಸ್ಕೊ ಗುಹೆಯಲ್ಲಿ ಆದಿಮಾನವರು ಬರೆದ ಚಿತ್ರಗಳು ನೋಡುಗರ ಉಸಿರಿನಿಂದಲೇ ಕೆಡತೊಡಗಿ 1963ರಲ್ಲಿ ಗುಹೆಯನ್ನು ಜನರಿಗೆ ಮುಚ್ಚಿದರು. 1983ರಲ್ಲಿ ಪಕ್ಕದಲ್ಲೇ ಪ್ರತಿರೂಪ ತೆರೆಯಿತು, 2016ರಲ್ಲಿ ಇನ್ನೂ ದೊಡ್ಡದು ಬಂತು. ಅಸಲಿ ಉಳಿದಿರುವುದು ಈ ನಕಲಿಗಳು ಭಾರ ಹೊತ್ತದ್ದರಿಂದ. ಮ್ಯೂಸಿಯಂನವರು ‘ಇದು ನಕಲು’ ಎಂದು ಬಾಯಿಬಿಟ್ಟು ಹೇಳಬೇಕು, ಅಷ್ಟೇ ನನ್ನ ಬೇಡಿಕೆ.

ಪ್ರಶ್ನೆ: ಕಲ್ಲಿನ ಉಪಕರಣ ಮಾಡಲು ಕಲಿಸುವ ಶಿಬಿರಕ್ಕೆ ಹೋಗಬೇಕೆಂದಿದ್ದೇನೆ. ಅಪಾಯ ಇದೆಯಾ?

ಉತ್ತರ: ಇದೆ, ಆದರೆ ತಡೆಯಬಹುದು. ಕಲ್ಲಿನ ಹೊಸ ಚಕ್ಕೆ ಗಾಜಿನಷ್ಟೇ ಹರಿತ. ಕಣ್ಣಿಗೆ ರಕ್ಷಣೆಯ ಕನ್ನಡಕ, ತೊಡೆಯ ಮೇಲೆ ದಪ್ಪ ಚರ್ಮ, ಕಾಲಿಗೆ ಮುಚ್ಚಿದ ಬೂಟು ಇರಲೇಬೇಕು. ಬಯಲಲ್ಲಿ ಕೂರಿಸಬೇಕು. ಕಲ್ಲಿನ ಧೂಳಿನಲ್ಲಿ ಸಿಲಿಕಾ ಇರುತ್ತದೆ, ಮುಚ್ಚಿದ ಕೋಣೆಯಲ್ಲಿ ಅದನ್ನು ಉಸಿರಾಡುತ್ತಾ ಕುಳಿತರೆ ಶ್ವಾಸಕೋಶಕ್ಕೆ ಕೆಟ್ಟದ್ದು. ಇಷ್ಟೂ ಇಲ್ಲದ ಶಿಬಿರಕ್ಕೆ ಹೋಗಬೇಡಿ.

ಹೋದರೆ ಮಾತ್ರ ಪೂರ್ತಿ ಮನಸ್ಸಿಟ್ಟು ಮಾಡಿ. ದುಂಡನೆಯ ಸುತ್ತಿಗೆಕಲ್ಲಿನಿಂದ ಅಂಚಿಗೆ ಸರಿಯಾದ ಕೋನದಲ್ಲಿ ಹೊಡೆದಾಗ ಚಕ್ಕೆ ಏಳುತ್ತದೆ. ಪೆಟ್ಟು ಬಿದ್ದ ಕಡೆ ಚಕ್ಕೆಯ ಮೇಲೆ ಸಣ್ಣ ಉಬ್ಬು, ಅದರಿಂದ ಹರಡುವ ಅಲೆಯಂಥ ಗೆರೆ ಕಾಣುತ್ತದೆ. ತಾನಾಗಿ ಒಡೆದ ಕಲ್ಲಿಗೂ ಮನುಷ್ಯ ಒಡೆದ ಕಲ್ಲಿಗೂ ವ್ಯತ್ಯಾಸ ಹೇಳುವ ಗುರುತುಗಳಲ್ಲಿ ಈ ಉಬ್ಬು ಒಂದು. ನೀವೇ ಒಮ್ಮೆ ಚಕ್ಕೆ ಎಬ್ಬಿಸಿದ ಮೇಲೆ ಮ್ಯೂಸಿಯಂನ ಕೈಗೊಡಲಿಯನ್ನು ನೋಡುವ ರೀತಿಯೇ ಬೇರೆಯಾಗುತ್ತದೆ. ಆ ಮನುಷ್ಯ ಎಲ್ಲಿ ಯೋಚಿಸಿ ನಿಂತ, ಎಲ್ಲಿ ಪೆಟ್ಟು ತಪ್ಪಿತು, ಹೇಗೆ ಸರಿಮಾಡಿದ, ಎಲ್ಲ ಓದಬಹುದು.

ಒಂದು ವಿಷಯ ಗಮನಿಸಿ: ಶಿಬಿರ ಮುಗಿದ ಮೇಲೆ ಚಕ್ಕೆಗಳನ್ನು ಏನು ಮಾಡ್ತಾರೆ? ಬಯಲಲ್ಲಿ ಹಾಗೇ ಬಿಟ್ಟರೆ ಮುಂದೆ ಯಾರೋ ಅದನ್ನು ಪ್ರಾಚೀನ ಎಂದು ತಿಳಿಯಬಹುದು. ಒಳ್ಳೆಯ ಶಿಬಿರದವರು ಹಾಸಿನ ಮೇಲೆ ಉದುರಿಸಿ ಎಲ್ಲ ಗುಡಿಸಿ ತೆಗೆಯುತ್ತಾರೆ, ಹೂಳುವುದಾದರೆ ಜೊತೆಗೆ ಇಂದಿನ ನಾಣ್ಯವೋ ಗಾಜೋ ಹಾಕುತ್ತಾರೆ. ಇದು ಹೊಸದಲ್ಲ. 19ನೇ ಶತಮಾನದಲ್ಲಿ ಪಿಟ್-ರಿವರ್ಸ್ ಎಂಬ ಇಂಗ್ಲಿಷ್ ಸೇನಾಧಿಕಾರಿ ತಾನು ಅಗೆದ ಗುಂಡಿಗಳನ್ನು ಮುಚ್ಚುವ ಮೊದಲು ತಳದಲ್ಲಿ ಒಂದು ಲೋಹದ ಬಿಲ್ಲೆ ಇಡುತ್ತಿದ್ದ. ಮುಂದೆ ಅಗೆಯುವವರಿಗೆ ‘ಇಲ್ಲಿ ನಾನು ಮೊದಲೇ ಬಂದಿದ್ದೆ’ ಎಂದು ತಿಳಿಯಲಿ ಅಂತ.

ಪ್ರಶ್ನೆ: ಅಗೆತದ ಜಾಗದಲ್ಲಿ ಮಣ್ಣನ್ನೇ ನೀರಿನ ಡ್ರಮ್ಮಿಗೆ ಸುರಿದು ಕಲಕುತ್ತಿದ್ದರು. ಏನು ಹುಡುಕುತ್ತಾರೆ?

ಉತ್ತರ: ಕಾಳು. ಸುಟ್ಟು ಕರಕಲಾದ ಕಾಳನ್ನು ಹುಳುವಾಗಲೀ ಸೂಕ್ಷ್ಮಜೀವಿಯಾಗಲೀ ತಿನ್ನುವುದಿಲ್ಲ. ಹಾಗಾಗಿ ಒಲೆಯ ಬೂದಿಯಲ್ಲಿ ಬಿದ್ದದ್ದು ಸಾವಿರಾರು ವರ್ಷ ಉಳಿಯುತ್ತದೆ. ಮಣ್ಣನ್ನು ನೀರಲ್ಲಿ ಕಲಕಿದರೆ ಹಗುರವಾದ ಕರಕಲು ತೇಲುತ್ತದೆ, ಅದನ್ನು ಅರ್ಧ ಮಿಲಿಮೀಟರಿಗಿಂತ ಸಣ್ಣ ಕಣ್ಣಿನ ಬಲೆಯಲ್ಲಿ ಹಿಡಿಯುತ್ತಾರೆ. ಭಾರದ್ದು ಕೆಳಗಿನ ಜಾಲರಿಯಲ್ಲಿ ಉಳಿಯುತ್ತದೆ, ಅದರಲ್ಲಿ ಮೀನಿನ ಮುಳ್ಳು, ಪುಟ್ಟ ಮಣಿ, ಕಲ್ಲಿನ ಚೂರು ಸಿಗಬಹುದು. 1960ರ ದಶಕದಿಂದ ಈ ವಿಧಾನ ಎಲ್ಲೆಡೆ ಹರಡಿತು. ಅದಕ್ಕೂ ಮೊದಲು ಅಗೆದ ಎಷ್ಟೋ ಜಾಗಗಳಲ್ಲಿ ಜನ ಏನು ತಿನ್ನುತ್ತಿದ್ದರು ಎಂಬ ಪುರಾವೆ ಮಣ್ಣಿನ ರಾಶಿಯ ಜೊತೆ ಹೋಗಿಬಿಟ್ಟಿದೆ. ನೆನೆದರೆ ಹೊಟ್ಟೆ ಉರಿಯುತ್ತದೆ.

ಮಕ್ಕಳಿಗೆ ಇದನ್ನು ಕೊಡಿ ಎಂದು ಮ್ಯೂಸಿಯಂನವರಿಗೆ ನಾನು ಯಾವಾಗಲೂ ಹೇಳುವುದು. ನೀರಿದೆ, ಕೆಸರಿದೆ, ಕಲಕುವುದಿದೆ. ಆಮೇಲೆ ಒಣಗಿದ ಕರಕಲನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಪೂರ್ತಿ ಕಾಳಿನ ಆಕಾರ. ಮಣ್ಣು ಕಸವಲ್ಲ ಎಂದು ಬಾಯಲ್ಲಿ ಹೇಳಬೇಕಾಗಿಯೇ ಇಲ್ಲ.

ಪ್ರಶ್ನೆ: ನನ್ನ ತಮ್ಮನಿಗೆ ಕಣ್ಣು ಕಾಣುವುದಿಲ್ಲ. ಇತಿಹಾಸ ಎಂದರೆ ಪ್ರಾಣ. ಇಂಥ ಕಡೆ ಅವನಿಗೆ ಏನಿರುತ್ತದೆ?

ಉತ್ತರ: ಬಹಳ ಇರಬೇಕು, ಇಲ್ಲದ ಕಡೆ ಕೇಳಿ ಮಾಡಿಸಬೇಕು. ಗ್ರೀಸಿನ ಅಥೆನ್ಸ್‌ನಲ್ಲಿ 1984ರಲ್ಲಿ ಶುರುವಾದ ಒಂದು ಮ್ಯೂಸಿಯಂ ಇರುವುದೇ ಮುಟ್ಟಿ ನೋಡುವುದಕ್ಕೆ. ಅಲ್ಲಿ ಪ್ರಾಚೀನ ಶಿಲ್ಪ, ಪಾತ್ರೆಗಳ ಪ್ರತಿರೂಪಗಳನ್ನು ಯಾರು ಬೇಕಾದರೂ ಕೈಯಾಡಿಸಿ ತಿಳಿಯಬಹುದು.

ಆದರೆ ಮೂರ್ತಿ ಮುಟ್ಟಿಸುವಷ್ಟಕ್ಕೆ ನಿಲ್ಲಬೇಡಿ. ಅಗೆತದ ಕೆಲಸಗಳಲ್ಲಿ ಎಷ್ಟೋ ಕೆಲಸ ಕೈಯದ್ದೇ. ಮಣ್ಣಿನ ಜಾತಿ ಹೇಳುವುದನ್ನೇ ನೋಡಿ. ಹಿಡಿ ಮಣ್ಣಿಗೆ ನೀರು ಹನಿಸಿ ನಾದಿ ಹೊಸೆಯುತ್ತಾರೆ. ಮರಳು ಜಾಸ್ತಿ ಇದ್ದರೆ ಉದುರುತ್ತದೆ, ಜೇಡಿ ಜಾಸ್ತಿ ಇದ್ದರೆ ತೆಳು ಹುರಿಯಾಗಿ ಬಾಗುತ್ತದೆ, ಹೂಳುಮಣ್ಣು ನುಣ್ಣಗೆ ಜಾರುತ್ತದೆ. ಇದನ್ನು ಕಣ್ಣಿದ್ದವರೂ ಬೆರಳಿಂದಲೇ ತೀರ್ಮಾನಿಸುವುದು. ಮಡಕೆ ಚೂರು ವಿಂಗಡಿಸುವುದು, ಅಂಚು ಯಾವುದು ತಳ ಯಾವುದು ಹೇಳುವುದು, ಒಂದೇ ಮಡಕೆಯ ಚೂರು ಜೋಡಿಸುವುದು, ಇವೆಲ್ಲ ನಿಮ್ಮ ತಮ್ಮ ಮಾಡಬಹುದಾದ ಕೆಲಸ. ಹೋಗುವ ಮೊದಲು ಫೋನ್ ಮಾಡಿ ‘ಅವನು ಕೆಲಸ ಮಾಡಲು ಬರ್ತಿದ್ದಾನೆ’ ಎಂದು ಸ್ಪಷ್ಟವಾಗಿ ಹೇಳಿ. ಹಾಗೆ ಹೇಳಿದಾಗ ಅವರ ತಯಾರಿಯೇ ಬೇರೆ ಆಗುತ್ತದೆ.

ಪ್ರಶ್ನೆ: ಎರಡು ವರ್ಷ ಅಗೆದು, ಜನರಿಗೆಲ್ಲ ತೋರಿಸಿ, ಕೊನೆಗೆ ಪೂರ್ತಿ ಮಣ್ಣು ಮುಚ್ಚಿಬಿಟ್ಟರು. ಹಾಗಾದರೆ ಅಗೆದದ್ದು ಯಾಕೆ?

ಉತ್ತರ: ತಿಳಿಯುವುದಕ್ಕೆ ಅಗೆದರು, ಉಳಿಸುವುದಕ್ಕೆ ಮುಚ್ಚಿದರು. ಮಣ್ಣಿನೊಳಗೆ ತೇವ, ಬಿಸಿ ಹೆಚ್ಚು ಏರಿಳಿಯುವುದಿಲ್ಲ. ಹಸಿ ಇಟ್ಟಿಗೆಯ ಗೋಡೆಯನ್ನು ಬಿಸಿಲು, ಮಳೆ, ಬೇರು, ಕಾಲ್ತುಳಿತಕ್ಕೆ ಬಿಟ್ಟರೆ ಕೆಲವೇ ವರ್ಷಗಳಲ್ಲಿ ಕರಗುತ್ತದೆ. ಸ್ವಲ್ಪ ಭಾಗವನ್ನು ಅಗೆಯದೆಯೇ ಬಿಡುವುದೂ ಇದೆ, ಮುಂದೆ ಒಳ್ಳೆಯ ವಿಧಾನಗಳು ಬಂದಾಗ ಬೇಕಾಗುತ್ತದೆ ಎಂದು. ವಿಲರ್ಡ್ ಲಿಬ್ಬಿ ಇಂಗಾಲದಿಂದ ಕಾಲ ಅಳೆಯುವ ವಿಧಾನವನ್ನು ತೋರಿಸಿಕೊಟ್ಟದ್ದು 1949ರಲ್ಲಿ. ಅದಕ್ಕೂ ಮುಂಚೆ ಅಗೆದವರು ಇದ್ದಿಲ ಚೂರನ್ನು ಎಸೆದಿದ್ದರೆ ಅವರನ್ನು ದೂರುವುದು ಹೇಗೆ?

ಮಣ್ಣಿನಡಿ ಏನಾಗುತ್ತದೆ ಎಂದು ನೋಡಲೆಂದೇ ಮಾಡಿದ ಒಂದು ಪ್ರಯೋಗ ನನಗೆ ತುಂಬಾ ಇಷ್ಟ. ಇಂಗ್ಲೆಂಡಿನ ಓವರ್ಟನ್ ಡೌನ್‌ನಲ್ಲಿ 1960ರಲ್ಲಿ ಒಂದು ದಿಬ್ಬ, ಪಕ್ಕದಲ್ಲಿ ಒಂದು ಹಳ್ಳ ಮಾಡಿ, ದಿಬ್ಬದೊಳಗೆ ಬಟ್ಟೆ, ಚರ್ಮ, ಮರ, ಹಗ್ಗ, ಮೂಳೆ ಹೂತರು. 2, 4, 8, 16, 32, 64, 128 ವರ್ಷಗಳ ನಂತರ ಒಂದೊಂದು ತುಂಡು ತೆರೆದು ನೋಡಬೇಕೆಂಬ ಯೋಜನೆ. ಕೊನೆಯದು ಬರುವುದು 2088ರಲ್ಲಿ. ಶುರು ಮಾಡಿದವರಲ್ಲಿ ಯಾರೂ ಅದನ್ನು ನೋಡಲಾರರು ಎಂದು ಗೊತ್ತಿದ್ದೇ ಮಾಡಿದ ಕೆಲಸ. ಹಳ್ಳದ ಬದಿ ಕುಸಿದು ತುಂಬುವುದು ಮೊದಲ ಕೆಲವು ವರ್ಷಗಳಲ್ಲೇ ಜಾಸ್ತಿ ಎಂದು ಅಲ್ಲಿಂದ ತಿಳಿಯಿತು.

ಪ್ರಶ್ನೆ: ಹಳೆಯ ಕಾಲದ ಮನೆ ಕಟ್ಟಿ ತೋರಿಸುವ ಬಯಲು ಮ್ಯೂಸಿಯಂಗಳು ಬರೀ ಅಲಂಕಾರ ಅಲ್ವಾ?

ಉತ್ತರ: ಕೆಲವು ಹೌದು. ಆದರೆ ಡೆನ್ಮಾರ್ಕಿನ ಲೈರೆಯಲ್ಲಿ 1964ರಿಂದ, ಇಂಗ್ಲೆಂಡಿನ ಬಟ್ಸರ್‌ನಲ್ಲಿ 1972ರಿಂದ ನಡೆದಿರುವುದು ಪ್ರಯೋಗ. ಬಟ್ಸರ್‌ನಲ್ಲಿ ಪೀಟರ್ ರೆನಾಲ್ಡ್ಸ್ ನೆಲದ ಹಗೇವಿನಲ್ಲಿ ಧಾನ್ಯ ತುಂಬಿ ಬಾಯಿ ಮುಚ್ಚಿ ನೋಡಿದರು. ಅಂಚಿನ ಕಾಳು ಉಸಿರಾಡಿ ಒಳಗಿನ ಆಮ್ಲಜನಕ ಮುಗಿಸುತ್ತದೆ, ಇಂಗಾಲದ ಡೈಆಕ್ಸೈಡ್ ತುಂಬುತ್ತದೆ, ಉಳಿದ ಕಾಳು ಚಳಿಗಾಲ ಕಳೆದರೂ ಕೆಡುವುದಿಲ್ಲ. ದುಂಡು ಮನೆಯ ಹುಲ್ಲಿನ ಮಾಡಿಗೆ ಹೊಗೆ ಹೋಗಲು ತೂತು ಬೇಕಿಲ್ಲ, ಹೊಗೆ ಹುಲ್ಲಿನ ಸಂದಿಯಲ್ಲೇ ಸೋಸಿ ಹೋಗುತ್ತದೆ, ತೂತು ಮಾಡಿದರೆ ಗಾಳಿ ಸೆಳೆದು ಬೆಂಕಿಯ ಅಪಾಯ ಹೆಚ್ಚು, ಇದೂ ಅಂಥ ಮನೆಗಳಲ್ಲಿ ಒಲೆ ಹೊತ್ತಿಸಿ ನೋಡಿದ್ದರಿಂದ ತಿಳಿದದ್ದು. ಗೋಡೆಗೆ ಮಣ್ಣು ಮೆತ್ತುವ ಕೆಲಸ ಸಿಕ್ಕರೆ ಬಿಡಬೇಡಿ. ಅಗೆತದಲ್ಲಿ ಕಡ್ಡಿಯ ಗುರುತಿರುವ ಸುಟ್ಟ ಮಣ್ಣಿನ ಹೆಂಟೆ ಸಿಕ್ಕಾಗ ಅದು ಗೋಡೆಯ ಮೆತ್ತಿಗೆ ಎಂದು ನಿಮಗೆ ಯಾರೂ ಹೇಳಿಕೊಡಬೇಕಿಲ್ಲ.

ಪ್ರಶ್ನೆ: ಶಾಲೆಯಲ್ಲಿ ಪಾಠ ಮಾಡುತ್ತೇನೆ. ಮಕ್ಕಳನ್ನು ಮ್ಯೂಸಿಯಂಗೆ ಕರೆದೊಯ್ಯಲು ಆಗುವುದಿಲ್ಲ. ಶಾಲೆಯಲ್ಲೇ ಏನಾದರೂ ಮಾಡಬಹುದಾ?

ಉತ್ತರ: ಮಾಡಬಹುದು, ಖರ್ಚೂ ಕಡಿಮೆ. ದಿನದ ಕೊನೆಗೆ ತರಗತಿಯ ಕಸದ ಬುಟ್ಟಿಯನ್ನು ಬುಡಮೇಲು ಮಾಡದೆ ಮೇಲಿನಿಂದ ಒಂದೊಂದೇ ತೆಗೆಯಿಸಿ. ತಳದಲ್ಲಿರುವುದು ಬೆಳಿಗ್ಗೆಯದ್ದು, ಮೇಲಿರುವುದು ಸಂಜೆಯದ್ದು. ಯಾವ ಪಾಠ ಮೊದಲು ನಡೆಯಿತು ಎಂದು ಮಕ್ಕಳೇ ಹೇಳುತ್ತಾರೆ. ಪದರದ ನಿಯಮಕ್ಕೆ ಇಷ್ಟು ಸಾಕು.

ಮುಂದಿನ ವಾರ ಬೇರೆ ಬೇರೆ ಗಾತ್ರದ ಎರಡು ಮಣ್ಣಿನ ಕುಂಡ ಒಡೆದು, ಚೂರು ಬೆರೆಸಿ, ಮೂರರಲ್ಲಿ ಒಂದು ಭಾಗ ತೆಗೆದು ಅಡಗಿಸಿ, ಉಳಿದದ್ದನ್ನು ಜೋಡಿಸಲು ಕೊಡಿ. ಪೂರ್ತಿ ಸಿಗದಿದ್ದರೂ ಎಷ್ಟು ಹೇಳಬಹುದು ಎಂಬುದೇ ಇಲ್ಲಿನ ಪಾಠ, ಅದಕ್ಕೇ ಎಲ್ಲ ಚೂರನ್ನೂ ಕೊಡಬೇಡಿ. ಚೂಪು ಅಂಚನ್ನು ಮೊದಲೇ ಉಜ್ಜಿಡಿ. ಮೂರನೆಯದು ನಕ್ಷೆ. ಒಂದು ಮೀಟರ್ ಚೌಕಟ್ಟಿಗೆ 20 ಸೆಂಟಿಮೀಟರಿಗೊಂದು ದಾರ ಕಟ್ಟಿ, ನೆಲದ ಮೇಲೆ ಕಲ್ಲು, ಚೂರು ಹರಡಿ ಅದರ ಮೇಲಿಡಿ. 20ಕ್ಕೆ 1ರ ಅಳತೆಯಲ್ಲಿ ಬರೆದರೆ ಒಂದು ಮೀಟರ್ ಕಾಗದದ ಮೇಲೆ 5 ಸೆಂಟಿಮೀಟರ್ ಆಗುತ್ತದೆ. ಗಣಿತದ ಟೀಚರನ್ನೂ ಕರೆಯಿರಿ.

ಹಳೆಯ ಕಾಲದ ಕುರುಹು ಇದೆ ಎಂದು ಗೊತ್ತಿರುವ ನೆಲದಲ್ಲಿ ಮಾತ್ರ ಮಕ್ಕಳಿಂದ ಅಗೆಸಬೇಡಿ.

ಪ್ರಶ್ನೆ: ಓಡಾಡುವಾಗ ಹಳೆಯ ವಸ್ತು ಕಣ್ಣಿಗೆ ಬಿದ್ದರೆ ಏನು ಮಾಡಬೇಕು? ಒಂದು ಚೂರು ನೆನಪಿಗೆ ಇಟ್ಟುಕೊಂಡರೆ ತಪ್ಪಾ?

ಉತ್ತರ: ತಪ್ಪು. ಹೆಚ್ಚಿನ ದೇಶಗಳಲ್ಲಿ ಕಾನೂನಿಗೂ ವಿರುದ್ಧ. ಶಿಬಿರದಲ್ಲಿ ಸಿಕ್ಕ ಚೂರಿಗೂ ಇದೇ ಮಾತು.

ಕಂಡದ್ದನ್ನು ಎತ್ತಬೇಡಿ, ಸುತ್ತ ಅಗೆಯಬೇಡಿ. ಪಕ್ಕದಲ್ಲಿ ಪೆನ್ನೋ ಅಳತೆಪಟ್ಟಿಯೋ ಇಟ್ಟು ಫೋಟೊ ತೆಗೆಯಿರಿ, ಸುತ್ತಲಿನ ಜಾಗದ್ದೂ ಒಂದು ಫೋಟೊ ಇರಲಿ. ಫೋನಿನಲ್ಲಿ ಜಾಗದ ಗುರುತು ಉಳಿಸಿ, ಪುರಾತತ್ವ ಇಲಾಖೆಗೋ ಹತ್ತಿರದ ಮ್ಯೂಸಿಯಂಗೋ ತಿಳಿಸಿ. ಇಂಟರ್‌ನೆಟ್‌ನಲ್ಲಿ ಜಾಗದ ಹೆಸರು ಹಾಕಬೇಡಿ, ಅಧಿಕಾರಿಗಳಿಗಿಂತ ಮೊದಲು ನಿಧಿ ಹುಡುಕುವವರು ಬರುತ್ತಾರೆ.

ಚೀನಾದ ಷಿಯಾನ್ ಹತ್ತಿರ 1974ರಲ್ಲಿ ಮಣ್ಣಿನ ಸೈನಿಕರ ಪ್ರಾಚೀನ ಮೂರ್ತಿಗಳು ಸಿಕ್ಕಿದ್ದು ಬಾವಿ ತೋಡುತ್ತಿದ್ದ ರೈತರಿಗೆ. ಸ್ಪೇನಿನ ಅಲ್ಟಮಿರಾ ಗುಹೆಯ ಸೂರಿನ ಮೇಲಿನ ಕಾಡೆಮ್ಮೆಗಳ ಪ್ರಾಚೀನ ಚಿತ್ರಗಳನ್ನು 1879ರಲ್ಲಿ ಗಮನಿಸಿದ್ದು ಎಂಟು ವರ್ಷದ ಹುಡುಗಿ ಮರಿಯಾ. ಅವಳ ಅಪ್ಪ ಮಾರ್ಸೆಲಿನೊ ಸಾನ್ಸ್ ದೆ ಸೌತುವೊಲಾ ನೆಲ ನೋಡುತ್ತಿದ್ದರು, ಅವಳು ಮೇಲೆ ನೋಡಿದಳು. ಅಷ್ಟು ಹಳೆಯ ಜನ ಹಾಗೆ ಚಿತ್ರ ಬರೆದಿರಲಾರರು ಎಂದು ಪಂಡಿತರು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಒಪ್ಪಲಿಲ್ಲ, ಒಪ್ಪಿದ್ದು 1902ರಲ್ಲಿ, ಆ ಹೊತ್ತಿಗೆ ಅಪ್ಪ ತೀರಿಕೊಂಡಿದ್ದರು. ಹಾಗಾಗಿ ತಿಳಿಸಿದ ತಕ್ಷಣ ಯಾರೂ ಓಡಿ ಬರದಿದ್ದರೆ ಬೇಸರ ಮಾಡಿಕೊಳ್ಳಬೇಡಿ. ತಿಳಿಸಿದ ಪತ್ರದ ಒಂದು ಪ್ರತಿ ನಿಮ್ಮ ಹತ್ತಿರವೂ ಇರಲಿ, ಎರಡು ತಿಂಗಳು ಬಿಟ್ಟು ಮತ್ತೆ ಕೇಳಿ.